ದೊಂದಿ, ಗ್ಯಾಸ್‌ಲೈಟು, ಸ್ಪಾಟು: ಅಟ್ಟ ಸೇರಿದ ರಂಗದ ಬೆಳಕು

ಸಕಲೇಶಪುರ, ಆಲೂರು ಸೀಮೆಯ ಹಳೆಯ ಮನೆಗಳ ಅಟ್ಟ ಹತ್ತಿದರೆ ಕಾಫಿ ಚೀಲ, ಏಲಕ್ಕಿ ಬುಟ್ಟಿ, ಮುರಿದ ತೊಟ್ಟಿಲುಗಳ ನಡುವೆ ಮಸಿ ಹಿಡಿದ ಗ್ಯಾಸ್‌ಲೈಟೊಂದು ಕಣ್ಣಿಗೆ ಬೀಳುವುದು ಅಪರೂಪವಲ್ಲ. ನಾಟಕದ ಹುಚ್ಚಿದ್ದ ಊರಾದರೆ ದೇವಸ್ಥಾನದ ಉಗ್ರಾಣದಲ್ಲಿ ತುಕ್ಕು ತಿಂದ ಒಂದೆರಡು ಸ್ಪಾಟ್‌ಲೈಟುಗಳೂ ಇರಬಹುದು. ಮದುವೆ, ಜಾತ್ರೆ, ಇರುಳಿಡೀ ನಡೆಯುವ ಆಟ ಎಲ್ಲಕ್ಕೂ ಒಂದು ಕಾಲಕ್ಕೆ ಬೆಳಕು ಕೊಟ್ಟ ಈ ಸಾಮಾನುಗಳು ಈಗ ಹಿತ್ತಾಳೆ, ಅಲ್ಯೂಮಿನಿಯಂ ಎಂದು ಗುಜರಿಯವರ ತಕ್ಕಡಿಗೆ ಹೋಗುತ್ತಿವೆ. ಸ್ವಲ್ಪ ಅದೃಷ್ಟವಿದ್ದವು ಹೋಂಸ್ಟೇಗಳ ಜಗಲಿಯಲ್ಲಿ ಅಲಂಕಾರಕ್ಕೆ ತೂಗುತ್ತವೆ. ಹೋದರೆ ಹೋಗಲಿ, ಹಳೆಯ ದೀಪ ತಾನೆ ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ದೀಪದ ಜೊತೆಗೆ ಹೋಗುತ್ತಿರುವುದು ಲೋಹ ಮಾತ್ರವಲ್ಲ, ಒಂದು ಕಲೆಯನ್ನು ನೋಡುತ್ತಿದ್ದ ಬಗೆಯೂ ಹೌದು.

ಹಾಸನ ಜಿಲ್ಲೆಯ ಈ ಮಲೆಸೀಮೆ ಎರಡು ರಂಗಪರಂಪರೆಗಳು ಕೂಡುವ ಜಾಗ. ಕರಾವಳಿಯ ಯಕ್ಷಗಾನ ಮೇಳಗಳು ಶಿರಾಡಿ ಘಾಟಿ ಹತ್ತಿ ಇಲ್ಲಿಗೆ ಬಂದು ಆಟ ಆಡುತ್ತವೆ. ದೀಪಾವಳಿಯ ನಂತರ ಹೊರಡುವ ಮೇಳಗಳ ತಿರುಗಾಟ ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ, ಮಳೆ ಹಿಡಿಯುವ ಮುನ್ನ ಮುಗಿಯುತ್ತದೆ. ಇನ್ನೊಂದು ಕಡೆ ಮೂಡಣ ಬಯಲಿನಿಂದ ಬಂದದ್ದು ಹಾರ್ಮೋನಿಯಂ ಮೇಷ್ಟರು ಕಲಿಸುವ ಪೌರಾಣಿಕ ನಾಟಕ. ಊರಿನ ರೈತರೇ ಕೃಷ್ಣ, ದುರ್ಯೋಧನ, ಭೀಮರಾಗಿ ಬೆಳಗಿನ ಜಾವದವರೆಗೆ ಕಂದ ಹಾಡುವ ಕುರುಕ್ಷೇತ್ರ ನಾಟಕದ ಚಾಳಿ ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳಲ್ಲಿ ಇಂದಿಗೂ ಉಂಟು. ಎರಡೂ ಇರುಳಿನ ಕಲೆಗಳು. ಆದ್ದರಿಂದ ಎರಡರ ಚರಿತ್ರೆಯೂ ಅರ್ಧ ಬೆಳಕಿನ ಚರಿತ್ರೆಯೇ.

ಬೆಂಕಿಯ ಬೆಳಕಿಗೆ ಹುಟ್ಟಿದ ಬಣ್ಣ

ಬಯಲಾಟಕ್ಕೆ ಮೊದಲು ಇದ್ದದ್ದು ದೊಂದಿ ಮತ್ತು ದೀವಟಿಗೆ. ರಂಗಸ್ಥಳದ ಎರಡು ಬದಿಗೆ ಉರಿಯುವ ಪಂಜು, ಅದಕ್ಕೆ ಆಗಾಗ ಎಣ್ಣೆ ಎರೆಯಲು ಒಬ್ಬ ಆಳು. ರಾಕ್ಷಸ ವೇಷ ಪ್ರವೇಶಿಸುವಾಗ ಪಂಜಿನ ಮೇಲೆ ರಾಳದ ಪುಡಿ ಎರಚುತ್ತಿದ್ದರು. ನುಣ್ಣಗಿನ ಪುಡಿ ಗಾಳಿಯಲ್ಲಿ ಹರಡಿ ಒಮ್ಮೆಲೆ ಹೊತ್ತಿಕೊಳ್ಳುವುದರಿಂದ ಭಗ್ಗೆಂದು ಉರಿ ಏಳುತ್ತಿತ್ತು. ಒಂದು ಮುಷ್ಟಿ ರಾಳ ಅಂದಿನ ರಂಗದ ದೊಡ್ಡ ಬೆಳಕಿನ ತಂತ್ರ.

ಬೆಂಕಿಯ ಬೆಳಕಿನಲ್ಲಿ ಕೆಂಪು, ಹಳದಿ ಹೆಚ್ಚು. ನೀಲಿ ತೀರ ಕಡಿಮೆ. ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಮಾನದಲ್ಲಿ ಪಂಜಿನದು ಸುಮಾರು 1900, ನಾಟಕದ ಹ್ಯಾಲೊಜೆನ್ ದೀಪದ್ದು 3200, ಅಗ್ಗದ ಬಿಳಿ ಎಲ್‌ಇಡಿಯದು 6000ಕ್ಕೂ ಮೇಲೆ. ಅಂಕಿ ಏರಿದಷ್ಟೂ ಬೆಳಕು ನೀಲಿಯ ಕಡೆಗೆ ವಾಲುತ್ತದೆ. ಯಕ್ಷಗಾನದ ಕೆಂಪು, ಹಳದಿ, ಕಪ್ಪು ಬಣ್ಣಗಳೂ ಮರದ ಆಭರಣಗಳ ಮೇಲೆ ಅಂಟಿಸಿದ ಬೇಗಡೆ, ಕನ್ನಡಿ ಚೂರುಗಳೂ ಪಂಜಿನ ಕಾಲದಲ್ಲಿ ಬೆಳೆದುಬಂದವು. ನಡುಗುವ ಉರಿಗೆ ಪ್ರತಿ ಚೂರೂ ಮಿನುಗುತ್ತದೆ. ಬಣ್ಣದ ವೇಷದ ಮುಖದ ಚುಟ್ಟಿ ನೆರಳು ಮಾಡಿ ಮುಖವನ್ನು ಹಿಗ್ಗಿಸುತ್ತದೆ. ನಾಲ್ಕೂ ಕಡೆಯಿಂದ ತಣ್ಣನೆಯ ಬಿಳಿ ಬೆಳಕು ಸುರಿದರೆ ನೆರಳಿಲ್ಲ, ಮಿನುಗಿಲ್ಲ. ಅದೇ ವೇಷ ಬಣ್ಣ ಬಳಿದ ಮುಖವಾಗಿ ಮಾತ್ರ ಕಾಣುತ್ತದೆ. ದೊಂದಿ ಬೆಳಕಿನ ಯಕ್ಷಗಾನವನ್ನು ಅಲ್ಲಲ್ಲಿ ಮತ್ತೆ ಆಡಿಸುವವರ ಉದ್ದೇಶ ಹಳೆಯದರ ಮೋಹವಷ್ಟೇ ಅಲ್ಲ; ಆ ವೇಷ ಯಾವ ಬೆಳಕಿಗಾಗಿ ಹುಟ್ಟಿತೋ ಅದರಲ್ಲಿ ಅದನ್ನು ನೋಡಬೇಕೆಂಬುದು.

ಗ್ಯಾಸಿಲ್ಲದ ಗ್ಯಾಸ್‌ಲೈಟು

ಪಂಜಿನ ನಂತರ ಬಂದದ್ದು ಪೆಟ್ರೋಮ್ಯಾಕ್ಸ್. ಬರ್ಲಿನ್ನಿನ ಏರಿಕ್ ಅಂಡ್ ಗ್ರೇಟ್ಸ್ ಕಂಪನಿ 1910ರ ಸುಮಾರಿಗೆ ಮಾಡಿದ ಈ ದೀಪಕ್ಕೆ ಮ್ಯಾಕ್ಸ್ ಗ್ರೇಟ್ಸ್ ಎಂಬಾತನ ಹೆಸರು ಸೇರಿಕೊಂಡಿತು. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಗ್ಯಾಸ್‌ಲೈಟ್ ಎಂದೇ ಹೆಸರು. ಉರಿಯುವುದು ಮಾತ್ರ ಸೀಮೆಎಣ್ಣೆ. ಪಂಪು ಹೊಡೆದಾಗ ಟ್ಯಾಂಕಿನ ಗಾಳಿಯ ಒತ್ತಡಕ್ಕೆ ಎಣ್ಣೆ ಕೊಳವೆಯಲ್ಲಿ ಮೇಲೇರುತ್ತದೆ. ಸ್ಪಿರಿಟ್ ಉರಿಸಿ ಮೊದಲೇ ಕಾಯಿಸಿದ ಕೊಳವೆಯಲ್ಲಿ ಅದು ಆವಿಯಾಗಿ, ಸಣ್ಣ ರಂಧ್ರದಿಂದ ಚಿಮ್ಮಿ, ಗಾಳಿಯೊಡನೆ ಬೆರೆತು ಉರಿಯುತ್ತದೆ.

ಬೆಳಕು ಕೊಡುವುದು ಉರಿಯಲ್ಲ, ಉರಿಗೆ ಕಾದ ಮ್ಯಾಂಟಲ್. ಆಸ್ಟ್ರಿಯದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ 1885ರಲ್ಲಿ ಇದರ ಮೊದಲ ಹಕ್ಕು ಪಡೆದ. 1891ರಲ್ಲಿ ನೂರಕ್ಕೆ 99 ಪಾಲು ಥೋರಿಯಂ, 1 ಪಾಲು ಸೀರಿಯಂ ಆಕ್ಸೈಡಿನ ಮಿಶ್ರಣ ಕಂಡುಕೊಂಡ ಮೇಲೆ ಅದು ಲೋಕವಿಡೀ ಹರಡಿತು. ತಿರುವಾಂಕೂರಿನ ಕಡಲ ಮರಳಿಗೆ ಜರ್ಮನರು ಬಂದದ್ದೂ ಈ ಥೋರಿಯಂ ಆಸೆಗೇ. ಅಲ್ಲಿ 1909ರಲ್ಲಿ ಮೋನಜೈಟ್ ಇರುವುದು ಗೊತ್ತಾದಾಗ ಅದರ ಬೆಲೆ ಇದ್ದದ್ದು ಅಣುಶಕ್ತಿಯಿಂದಲ್ಲ, ದೀಪದ ಬಲೆಯಿಂದ.

ಗ್ಯಾಸ್‌ಲೈಟ್ ಬಂದು ಆಟದ ಚಹರೆ ಬದಲಾಯಿತು. ಹಿಂದೆ ಕೂತವನಿಗೂ ಮುಖ ಕಂಡಿತು. ಆದರೆ ಅದರ ಬೆಳಕು ನಡುಗುವುದಿಲ್ಲ. ರಾಳದ ಉರಿಗಿದ್ದ ಬೆರಗು ಸ್ವಲ್ಪ ಕುಗ್ಗಿತು. ರಂಗದ ಬೆಳಕಿನಲ್ಲಿ ಪ್ರತಿ ಗಳಿಕೆಗೂ ಇಂಥ ಒಂದು ನಷ್ಟ ಇದ್ದೇ ಇದೆ.

ವಿದ್ಯುತ್ತಿನ ಕಾಲ

ರಂಗಕ್ಕೆ ವಿದ್ಯುತ್ ತಂದದ್ದು ಬೆಂಕಿಯ ಭಯ. ವಿಯೆನ್ನಾದ ರಿಂಗ್ ಥಿಯೇಟರ್ 1881ರ ಡಿಸೆಂಬರಿನಲ್ಲಿ ಅನಿಲ ದೀಪದಿಂದ ಹೊತ್ತಿ ಉರಿದು ನೂರಾರು ಜನ ಸತ್ತರು. ಅದೇ ತಿಂಗಳ ಕೊನೆಯಲ್ಲಿ ಲಂಡನ್ನಿನ ಸೆವಾಯ್ ಥಿಯೇಟರ್ ರಂಗವನ್ನು ವಿದ್ಯುತ್ತಿನಿಂದ ಬೆಳಗಿಸಿತು. ಒಡೆಯ ಡಾಯ್ಲಿ ಕಾರ್ಟ್ ಉರಿಯುವ ಬಲ್ಬೊಂದಕ್ಕೆ ತೆಳು ಬಟ್ಟೆ ಸುತ್ತಿ ಪ್ರೇಕ್ಷಕರ ಎದುರೇ ಒಡೆದು, ಬಟ್ಟೆ ಹೊತ್ತಿಕೊಳ್ಳದಿರುವುದನ್ನು ತೋರಿಸಿದ. ಆದರೆ ವಿದ್ಯುತ್ ಬಂದರೆ ಬೆಂಕಿ ಹೋಯಿತೆಂದಲ್ಲ. 1903ರಲ್ಲಿ ಶಿಕಾಗೊದ ಇರೊಕ್ವಾ ಥಿಯೇಟರಿನಲ್ಲಿ ಆರ್ಕ್ ದೀಪದ ಕಿಡಿ ಪರದೆಗೆ ತಾಗಿ ಸುಮಾರು 600 ಜನ ಬಲಿಯಾದರು.

ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ತಲುಪಿತು. ಮಲೆನಾಡಿನ ಹಳ್ಳಿಗಳು ಅದಕ್ಕಾಗಿ ಬಹಳ ವರ್ಷ ಕಾದವು. ಈ ನಡುವೆ ಕಂಪನಿ ನಾಟಕಗಳು ಬೆಳಕನ್ನೇ ಆಕರ್ಷಣೆ ಮಾಡಿಕೊಂಡವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ವೀರಣ್ಣನವರ ಕಾಲದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದು 1934ರಲ್ಲಿ ಕುರುಕ್ಷೇತ್ರ ಆಡಿತು. ಬಣ್ಣದ ಪರದೆ, ಟ್ರಾನ್ಸ್‌ಫರ್ ಸೀನು, ರಂಗದ ಅಂಚಿನಿಂದ ಮುಖಕ್ಕೆ ಹೊಡೆಯುವ ಫುಟ್‌ಲೈಟು, ಬಣ್ಣ ಬದಲಿಸುವ ಜಿಲೆಟಿನ್ ಹಾಳೆ ಕಂಪನಿಗಳ ಬಂಡವಾಳವಾದವು. ಬೆಳಕನ್ನು ನಿಧಾನವಾಗಿ ಏರಿಸಿ ಇಳಿಸಲು ಉಪ್ಪುನೀರಿನ ಡಿಮ್ಮರ್ ಇತ್ತು. ಜಾಡಿಯ ಉಪ್ಪುನೀರಿನಲ್ಲಿ ಎರಡು ಲೋಹದ ತಗಡು. ಮೇಲಿನದನ್ನು ಕೆಳಗಿಳಿಸಿದಷ್ಟೂ ವಿದ್ಯುತ್ ಹರಿದು ದೀಪ ಹೊಳೆಯುತ್ತದೆ, ಎತ್ತಿದರೆ ಮಂಕಾಗುತ್ತದೆ. ಸೂರ್ಯ ಮುಳುಗುತ್ತಿದ್ದುದು ಜಾಡಿಯೊಳಗೆ.

ಸ್ವಾತಂತ್ರ್ಯದ ನಂತರ ಹವ್ಯಾಸಿ ರಂಗಭೂಮಿಯೊಡನೆ ಸ್ಪಾಟ್‌ಲೈಟಿನ ಕಾಲ ಬಂತು. ಲಂಡನ್ನಿನ ಸ್ಟ್ರಾಂಡ್ ಕಂಪನಿ 1953ರಲ್ಲಿ ತಂದ ಪ್ಯಾಟರ್ನ್ 23 ಎಂಬ 500 ವ್ಯಾಟಿನ ಪುಟ್ಟ ದೀಪ ಹಲವು ದೇಶಗಳ ರಂಗಮಂದಿರಗಳಿಗೆ ಹೋಯಿತು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ 1963ರಲ್ಲಿ, ಹೆಗ್ಗೋಡಿನ ನೀನಾಸಮ್‌ನ ಶಿವರಾಮ ಕಾರಂತ ರಂಗಮಂದಿರ 1972ರಲ್ಲಿ ಬಾಗಿಲು ತೆರೆದವು. ಹಣವಿಲ್ಲದ ತಂಡಗಳು ತಗಡಿನ ಡಬ್ಬದಲ್ಲೇ ಸ್ಪಾಟು ಮಾಡಿಕೊಂಡವು. ಕಲ್ಕತ್ತೆಯ ತಾಪಸ್ ಸೇನ್ ಡಬ್ಬಗಳಿಂದ ಮಾಡಿದ ದೀಪಗಳಲ್ಲೇ ದೇಶದ ದೊಡ್ಡ ಬೆಳಕಿನ ವಿನ್ಯಾಸಕಾರರಾದರು. 1959ರ ‘ಅಂಗಾರ್’ ನಾಟಕದಲ್ಲಿ ಗಣಿಗೆ ನೀರು ನುಗ್ಗುವುದನ್ನು ಅವರು ಬೆಳಕಿನಲ್ಲೇ ತೋರಿಸಿದರು. ಹಾಗಾಗಿ ಊರಿನ ತಗಡು ಕೆಲಸದವನು ಮಾಡಿದ ಸ್ಪಾಟಿಗೂ ಚರಿತ್ರೆಯಲ್ಲಿ ಜಾಗ ಉಂಟು.

ದುರಸ್ತಿಯ ವಿವೇಕ

ಹಳೆಯ ದೀಪ ಕೈಗೆ ಸಿಕ್ಕಾಗ ಮೊದಲು ಮಾಡಬೇಕಾದ್ದು ಉಜ್ಜುವುದಲ್ಲ, ನೋಡುವುದು. ಮೇಲಿನ ಅಕ್ಷರ, ಅಂಕಿ, ಬಣ್ಣದಲ್ಲಿ ಬರೆದ ಸಂಘದ ಹೆಸರು ಇವುಗಳ ಚಿತ್ರ ತೆಗೆದಿಡಬೇಕು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವುದು ಹಿತ್ತಾಳೆ ಚೊಂಬಿಗೆ ಸರಿ. ಆದರೆ ಅನೇಕ ಗ್ಯಾಸ್‌ಲೈಟುಗಳ ಹಿತ್ತಾಳೆಯ ಮೇಲೆ ನಿಕ್ಕಲ್ ಲೇಪವಿದೆ. ತಿಕ್ಕಿದರೆ ಲೇಪವೂ ಅಕ್ಷರವೂ ಹೋಗುತ್ತವೆ. ಸಾಬೂನು ನೀರು, ಮೆತ್ತನೆ ಬಟ್ಟೆ ಸಾಕು.

ಗ್ಯಾಸ್‌ಲೈಟ್ ಕೆಟ್ಟಿದೆ ಎನ್ನುವಾಗ ಬಹುಪಾಲು ಕೆಟ್ಟಿರುವುದು ಪಂಪಿನ ಚರ್ಮದ ವಾಷರ್. ಒಣಗಿ ಸೊರಗಿದ ಅದಕ್ಕೆ ಎಣ್ಣೆ ಉಣಿಸಿದರೆ ಮತ್ತೆ ಹಿಡಿಯುತ್ತದೆ. ನಾಜಲಿನ ಮಸಿಯನ್ನು ಅದರದೇ ಪಿನ್ನಿನಿಂದ ಬಿಡಿಸಬೇಕು. ದಪ್ಪ ಸೂಜಿ ಚುಚ್ಚಿ ರಂಧ್ರ ಹಿಗ್ಗಿದರೆ ದೀಪ ಹೊಗೆಯಾಡುತ್ತದೆ. ಟ್ಯಾಂಕಿಗೆ ಎಣ್ಣೆ ಹಾಕುವ ಮುನ್ನ ಗಾಳಿ ತುಂಬಿ ಸಾಬೂನು ನೀರು ಹಚ್ಚಿ ನೋಡಬೇಕು. ಗುಳ್ಳೆ ಎದ್ದ ಕಡೆ ಬಿರುಕಿದೆ ಎಂದರ್ಥ. ಅಂಥದನ್ನು ಉರಿಸಲೇಬಾರದು. ಸೀಮೆಎಣ್ಣೆ ಸಿಗದೆಂದು ಪೆಟ್ರೋಲ್ ಹಾಕುವುದು ಸಾವನ್ನು ಕರೆದಂತೆ. ಹಳೆಯ ಮ್ಯಾಂಟಲಿನ ಥೋರಿಯಂ ಅಲ್ಪ ವಿಕಿರಣ ಸೂಸುವ ವಸ್ತುವಾದ್ದರಿಂದ ಉದುರಿದ ಬೂದಿಯನ್ನು ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯುವುದು ಲೇಸು.

ಸ್ಪಾಟ್‌ಲೈಟಿನ ಶತ್ರು ಮಲೆನಾಡಿನ ಮಳೆಗಾಲ. ಮಸೂರದ ಮೇಲೆ ಬೂಷ್ಟು, ಹೋಲ್ಡರಿನಲ್ಲಿ ಕಿಲುಬು, ತಿರುಪಿನಲ್ಲಿ ತುಕ್ಕು. ಮಸೂರ ತಣ್ಣಗಿರುವಾಗ ಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆಯಬಹುದು. ಒಳಗಿನ ಪ್ರತಿಫಲಕವನ್ನು ಮಾತ್ರ ಪಾಲಿಶ್ ಹಾಕಿ ತಿಕ್ಕಬಾರದು. ಎಲ್ಲಕ್ಕಿಂತ ದೊಡ್ಡ ಅಪಾಯ ಹಳೆಯ ತಂತಿ. ದೀಪದ ಕಾವು ತಡೆಯಲೆಂದು ಆ ಕಾಲದಲ್ಲಿ ತಂತಿಗೆ ಕಲ್ನಾರು ಹೊದಿಸುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಬೂದುಬಣ್ಣದ ನೂಲಿನಂಥ ಹೊದಿಕೆ ಕಂಡರೆ ಕೆರೆಯದೆ, ಕತ್ತರಿಸದೆ, ತಿಳಿದವರ ಕೈಗೆ ಕೊಡಬೇಕು. ಬದಲಿಗೆ ಕಾವು ತಾಳುವ ಸಿಲಿಕೋನ್ ತಂತಿ ಹಾಕಿ, ಲೋಹದ ಮೈಗೆ ಕಡ್ಡಾಯವಾಗಿ ಅರ್ತಿಂಗ್ ಕೊಡಬೇಕು.

ಉಪ್ಪುನೀರಿನ ಡಿಮ್ಮರಿಗೆ ಮಾತ್ರ ದುರಸ್ತಿ ಬೇಡ. ತೆರೆದ ಜಾಡಿಯಲ್ಲಿ ವಿದ್ಯುತ್ ಹರಿಯುವ ಆ ಸಾಧನ ನೋಡುವುದಕ್ಕಿರಲಿ.

ಕಟ್ಟುವ ಕ್ರಮ

ದೀಪ ರಿಪೇರಿಯಾದರೆ ಕೆಲಸ ಅರ್ಧ ಮುಗಿಯಿತು, ಕಟ್ಟುವುದು ಉಳಿದರ್ಧ. ಊರಿನ ಚಪ್ಪರದಲ್ಲಿ ಅಡಿಕೆ ಕಂಬಕ್ಕೆ ಪ್ಲಾಸ್ಟಿಕ್ ಹಗ್ಗದಿಂದ ದೀಪ ಬಿಗಿಯುವುದು ರೂಢಿ. ಅರ್ಧ ಗಂಟೆ ಉರಿದ ಸ್ಪಾಟಿನ ಮೈಗೆ ಪ್ಲಾಸ್ಟಿಕ್ ಕರಗುತ್ತದೆ. ಕಬ್ಬಿಣದ ಪೈಪಿಗೆ ಕೊಕ್ಕೆ ಹಿಡಿಸಿ ಬೋಲ್ಟು ಬಿಗಿದು, ಅದು ಜಾರಿದರೂ ದೀಪ ಬೀಳದಂತೆ ಬೇರೆ ಸರಪಳಿ ಸುತ್ತಬೇಕು. ಪರದೆ, ಸೀನರಿ, ಒಣ ಸೋಗೆಗಳಿಂದ ದೂರವಿಡಬೇಕು.

ಲೆಕ್ಕವೂ ಸುಲಭ. 500 ವ್ಯಾಟಿನ ದೀಪಕ್ಕೆ 230 ವೋಲ್ಟಿನಲ್ಲಿ ಸುಮಾರು 2.2 ಆಂಪಿಯರ್ ಬೇಕು. 15 ಆಂಪಿಯರಿನ ಪವರ್ ಪ್ಲಗ್ಗಿಗೆ ಆರು ದೀಪ ಸರಿ, ಏಳನೆಯದು ಹೊರೆ. ನಮ್ಮ ಮನೆಯ ಆ ಮೂರು ದುಂಡು ಕಾಲಿನ ಪ್ಲಗ್ಗು ಬ್ರಿಟನ್ನಿನ ಮನೆಗಳಿಂದ ಎಂದೋ ಮರೆಯಾದರೂ ಅಲ್ಲಿನ ರಂಗಮಂದಿರಗಳಲ್ಲಿ ಉಳಿದಿದೆ. ಒದ್ದೆ ನೆಲದ ಮಲೆನಾಡಿನಲ್ಲಿ 30 ಮಿಲಿ ಆಂಪಿಯರ್ ಸೋರಿದರೂ ವಿದ್ಯುತ್ ಕಡಿಯುವ ಟ್ರಿಪ್ ಸ್ವಿಚ್ ಇಲ್ಲದೆ ಲೋಹದ ದೀಪ ಹಚ್ಚಕೂಡದು.

ಎಲ್ಲಿ ಕಟ್ಟಬೇಕೆಂಬುದಕ್ಕೆ ಅಮೆರಿಕದ ಸ್ಟ್ಯಾನ್ಲಿ ಮೆಕ್ಯಾಂಡ್ಲೆಸ್ 1932ರಲ್ಲಿ ಹೇಳಿದ ಸೂತ್ರ ಇಂದಿಗೂ ಪಾಠ: ನಟನ ಎದುರು ಎಡಕ್ಕೊಂದು, ಬಲಕ್ಕೊಂದು, ಎರಡೂ 45 ಡಿಗ್ರಿ ಮೇಲಿನಿಂದ. ಒಂದು ಬೆಚ್ಚಗಿನ ಬಣ್ಣ, ಇನ್ನೊಂದು ತಣ್ಣನೆಯದು. ಆದರೆ ಇದು ಮಾತಿನ ನಾಟಕಕ್ಕೆ ಹೊಂದುವ ಸೂತ್ರ. ಪಂಜಿನ ಎತ್ತರದಿಂದ ಬೆಳಕು ಬೇಡುವ ಬಣ್ಣದ ವೇಷಕ್ಕೆ ದೀಪವನ್ನು ಬದಿಗೆ, ಕೆಳಗೆ ತಂದರೇ ಚೆನ್ನ.

ಉರಿಸಬೇಕೆ, ಇಡಬೇಕೆ?

ಸ್ವೀಡನ್ನಿನ ಡ್ರಾಟ್ನಿಂಗ್‌ಹಾಮ್ ಅರಮನೆಯ ರಂಗಮಂದಿರ 1766ರದು. ಮರೆತುಹೋಗಿದ್ದ ಅದನ್ನು 1921ರಲ್ಲಿ ಮತ್ತೆ ಕಂಡುಕೊಂಡಾಗ ಮರದ ಯಂತ್ರಗಳನ್ನೂ ಪರದೆಗಳನ್ನೂ ಹಾಗೆಯೇ ಉಳಿಸಿಕೊಂಡರು. ಮೇಣದ ಬತ್ತಿಗಳ ಜಾಗಕ್ಕೆ ಮಾತ್ರ ಅವುಗಳಂತೆಯೇ ಮಂದವಾಗಿ ಉರಿಯುವ ವಿದ್ಯುತ್ ದೀಪ ಹಾಕಿದರು. ವಸ್ತು ಬದಲಾದರೂ ಬೆಳಕಿನ ಗುಣ ಉಳಿಯಬೇಕೆಂಬ ವಿವೇಕ ಅದು. ಇಲ್ಲಿಗೂ ಅದೇ ದಾರಿ ಹೊಂದುತ್ತದೆ. ಟ್ಯಾಂಕು ಸೋರುವ ಗ್ಯಾಸ್‌ಲೈಟಿನೊಳಗೆ ಬೆಚ್ಚಗಿನ ಎಲ್‌ಇಡಿ ಇಡಬಹುದು, ಆದರೆ ಟ್ಯಾಂಕಿಗೆ ತೂತು ಕೊರೆಯದೆ. ಮುಂದೆ ಯಾರಾದರೂ ಸರಿಪಡಿಸಲು ಅವಕಾಶ ಉಳಿಯಬೇಕು. ಸ್ಪಾಟಿಗೆ ಹಳೆಯ ಬಲ್ಬು ಸಿಗದೆ ಎಲ್‌ಇಡಿ ಹಾಕುವವರು ಒಂದು ಮಾತು ನೆನಪಿಡಬೇಕು: ತಂತು ಇದ್ದ ಜಾಗದಲ್ಲೇ ಬೆಳಕಿನ ಬಿಂದು ಇಲ್ಲದಿದ್ದರೆ ಮಸೂರಕ್ಕೆ ಕೆಲಸವಿಲ್ಲ, ಬೆಳಕು ಚದರಿಹೋಗುತ್ತದೆ.

ಎಲ್‌ಇಡಿಯನ್ನು ದೂರಬೇಕಿಲ್ಲ. ಕಡಿಮೆ ಕರೆಂಟಿನಲ್ಲಿ, ಕಾವಿಲ್ಲದೆ, ಜನರೇಟರಿನ ಹೊರೆ ಇಳಿಸಿ ಅದು ಹಳ್ಳಿಯ ನಾಟಕಕ್ಕೆ ಉಪಕಾರವನ್ನೇ ಮಾಡಿದೆ. ಬೇಕಾದ್ದು ಹೋಲಿಸಿ ನೋಡುವ ಅವಕಾಶ. ಊರಿಗೊಂದು ಗ್ಯಾಸ್‌ಲೈಟು, ಎರಡು ಸ್ಪಾಟು ಸುಸ್ಥಿತಿಯಲ್ಲಿದ್ದು, ವರ್ಷಕ್ಕೊಂದು ಪ್ರಸಂಗ ಅದರ ಬೆಳಕಿನಲ್ಲಿ ನಡೆದರೆ ಮೇಕಪ್ಪಿನವನಿಗೂ ವೇಷಧಾರಿಗೂ ತಮ್ಮ ಬಣ್ಣ ಏಕೆ ಹಾಗಿದೆ ಎಂಬುದು ತಿಳಿಯುತ್ತದೆ. ಮ್ಯಾಂಟಲ್ ಕಟ್ಟಿ, ಸ್ಪಿರಿಟ್ ಸುರಿದು, ಎಷ್ಟು ಪಂಪು ಹೊಡೆಯಬೇಕೆಂದು ಸದ್ದಿನಲ್ಲೇ ಅರಿಯುವವರಿಗೆ ಈಗ ವಯಸ್ಸಾಗಿದೆ. ಅವರು ಇರುವಾಗಲೇ ಅಟ್ಟದ ದೀಪ ಕೆಳಗಿಳಿಯಬೇಕು.