ಕಂಠವೇ ಬಂಡವಾಳ: ಹಾಡುನಟರ ವೃತ್ತಿ ನಡೆಯುವ ಬಗೆ

ಹಾಡಿ, ಅಭಿನಯಿಸಿ, ತಿಂಗಳಾದರೆ ಸಂಬಳ ಪಡೆಯುವ ನಟರು ಕನ್ನಡದಲ್ಲಿ ತಲೆಮಾರುಗಟ್ಟಲೆ ಬಾಳಿದ್ದು ಕಂಪನಿ ನಾಟಕದಲ್ಲಿ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಿರಲಿ, ಏಣಗಿ ಬಾಳಪ್ಪನವರು 1947ರಲ್ಲಿ ಕಟ್ಟಿದ ಕಲಾವೈಭವ ನಾಟ್ಯ ಸಂಘವಿರಲಿ, ಕಂಠ ಚೆನ್ನಾಗಿದ್ದವರಿಗೆ ಒಳ್ಳೆಯ ಪಾರ್ಟು. ನಟರ ಏಳುಬೀಳು ಆ ಕಂಠದ ಜೊತೆಗೇ ಸಾಗುತ್ತಿತ್ತು.

ಸೇರುವುದು

ಬಹುತೇಕರು ಬಾಲನಟರಾಗಿ ಬಂದವರು. ಗುಬ್ಬಿ ವೀರಣ್ಣ, ರಾಜ್‌ಕುಮಾರ್ ಇಬ್ಬರೂ ಹುಡುಗರಾಗಿದ್ದಾಗಲೇ ಬಣ್ಣ ಹಚ್ಚಿದರು. ಅಪ್ಪನೋ ನೆಂಟನೋ ಕಂಪನಿಯಲ್ಲಿದ್ದರೆ ಅದೇ ಶಿಫಾರಸು. ಮಾಲೀಕರೆದುರು ಒಂದು ಪದ್ಯ ಹಾಡಿ ಒಪ್ಪಿಗೆಯಾದರೆ ಊಟ, ವಸತಿ ಕಂಪನಿಯದು. ಮೊದಲು ಪ್ರಹ್ಲಾದ, ಲೋಹಿತಾಶ್ವರಂಥ ಮಕ್ಕಳ ಪಾತ್ರ. ಹೆಂಗಸರು ರಂಗಕ್ಕೆ ಬಾರದ ಕಾಲದಲ್ಲಿ, ಬೆಳೆದ ಹುಡುಗರಿಗೆ ಸ್ತ್ರೀಪಾತ್ರ. ಬಾಳಪ್ಪನವರೂ ಆ ದಾರಿಯಲ್ಲೇ ಬಂದವರು.

ಕಂಠ ಒಡೆದಾಗ ನಿಜವಾದ ಪರೀಕ್ಷೆ. ತುಂಬುದನಿ ಮರಳಿ ಬಂದವನು ರಾಜಾಪಾರ್ಟಿಗೆ, ಅಂದರೆ ನಾಯಕಪಾತ್ರಕ್ಕೆ, ಏರುತ್ತಿದ್ದ. ಬಾರದವನು ಹಾಸ್ಯಕ್ಕೋ ಖಳಪಾತ್ರಕ್ಕೋ ಸರಿಯುತ್ತಿದ್ದ, ಇಲ್ಲವೇ ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುವ ಕೆಲಸ ಹಿಡಿಯುತ್ತಿದ್ದ.

ಹಾಡು ಹುಟ್ಟುವ ಕ್ಷಣ

ಮೈಕಿಲ್ಲದ ದಿನಗಳಲ್ಲಿ ಹಾಡಷ್ಟೇ ಅಲ್ಲ, ಮಾತೂ ಶ್ರುತಿಯಲ್ಲೇ ಇರಬೇಕಿತ್ತು. ಹಾರ್ಮೋನಿಯಂ ಮೇಷ್ಟ್ರು ರಂಗದ ಮುಂದೆಯೇ ಕೂರುತ್ತಿದ್ದರು. ಕಾಲಲ್ಲಿ ತಿದಿ ಒತ್ತುವ ಕಾಲು ಹಾರ್ಮೋನಿಯಂ ಆದ್ದರಿಂದ ಎರಡೂ ಕೈ ಮನೆಗಳ ಮೇಲೆ ಓಡಾಡಲು ಬಿಡುವು. ನಟ ಮಾತಿನ ಕೊನೆಯನ್ನು ಎಳೆಯುತ್ತಿದ್ದಂತೆ ಮೇಷ್ಟ್ರು ಸ್ವರ ಹಿಡಿಯುತ್ತಾರೆ, ತಬಲಾ ಕಾಯುತ್ತದೆ. ತಾಳವಿಲ್ಲದ ಆಲಾಪದಲ್ಲಿ ಭಾವ ಬಿಡಿಸಿ, ಪಲ್ಲವಿಗೆ ಬಂದಾಗ ತಬಲಾ ಕೂಡಿಕೊಳ್ಳುತ್ತದೆ. ಸಭೆ 'ಒನ್ಸ್ ಮೋರ್' ಕೂಗಿದರೆ ಕಥೆ ನಿಲ್ಲುತ್ತದೆ. ಎಷ್ಟು ಸಲ ಒಪ್ಪಿ ಹಾಡಬೇಕು, ಬೆಳಗಿನವರೆಗಿನ ಆಟಕ್ಕೆ ಕಂಠವನ್ನು ಎಷ್ಟು ಉಳಿಸಿಕೊಳ್ಳಬೇಕು ಎಂಬ ಲೆಕ್ಕ ಗೊತ್ತಿದ್ದವನೇ ಪಳಗಿದ ನಟ.

ದುಡ್ಡು, ಕ್ಯಾಂಪು, ಮುಂದಿನ ದಾರಿ

ಕಂಪನಿ ಬೀಡುಬಿಟ್ಟ ಊರಿನ ಕ್ಯಾಂಪಿನಲ್ಲಿ ಕಲೆಕ್ಷನ್ ಬಿದ್ದರೆ ಸಂಬಳ. ಮಳೆ ಹಿಡಿದರೆ ಬಾಕಿ. ಹೆಸರು ಗಟ್ಟಿಯಾದವರು ಸ್ವಂತ ಕಂಪನಿ ಕಟ್ಟಿದರು, ಕೆಲವರು ಸಿನಿಮಾಕ್ಕೆ ಹೋದರು. 1934ರ 'ಸತಿ ಸುಲೋಚನಾ'ದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ರಂಗದಿಂದ ಬಂದವರೇ. ಹೆಂಗಸರು ರಂಗಕ್ಕೆ ಬಂದ ಮೇಲೂ ನಾಯಕಪಾತ್ರ ಗಂಡಸರ ಪಾಲೇ ಆಗಿತ್ತು. ಆರ್. ನಾಗರತ್ನಮ್ಮ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಪುರುಷಪಾತ್ರಗಳನ್ನೂ ಹೆಂಗಸರ ಕೈಗೇ ತಂದರು.

ಈಗ ಏನಿದೆ?

ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳು ಇಂದಿಗೂ ಥಿಯೇಟರು ಹಾಕುತ್ತವೆ. ಆದರೆ ಅಲ್ಲಿ ಹಾಸ್ಯಕ್ಕೇ ಹೆಚ್ಚು ಬೇಡಿಕೆ. ಓದಿ ಕಲಿಯುವವರಿಗೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ (1980) ಇದೆ. ಅಲ್ಲಿಂದ ಊರೂರು ಸುತ್ತುವ 'ತಿರುಗಾಟ'ದ ತಂಡವೂ ಇದೆ. ಮೈಸೂರಿನ ರಂಗಾಯಣ (1989) ಕಟ್ಟಿದ ಬಿ.ವಿ. ಕಾರಂತರೇ ಹುಡುಗರಾಗಿದ್ದಾಗ ಗುಬ್ಬಿ ಕಂಪನಿ ಸೇರಿದ್ದವರು. ರಂಗಸಂಗೀತಕ್ಕೆ ಹೊಸ ರೂಪ ಕೊಟ್ಟವರು.

ಮಂಡ್ಯ, ಬೆಂಗಳೂರು ಗ್ರಾಮಾಂತರದ ಹಳ್ಳಿಗಳಲ್ಲಿ ನಡೆಯುವುದು ತಿರುವುಮುರುವು. 'ಕುರುಕ್ಷೇತ್ರ' ನಾಟಕ ಆಡಬೇಕೆಂದರೆ ನಟನೇ ಪಾತ್ರಕ್ಕೆ ದುಡ್ಡು ಕಟ್ಟಬೇಕು. ದುರ್ಯೋಧನ, ಕೃಷ್ಣ ದುಬಾರಿ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತವೆ. ಅಲ್ಲಿ ಸಂಪಾದನೆ ಇರುವುದು ಹೊರಗಿನಿಂದ ಕರೆಸುವ ಕಲಾವಿದೆಯರಿಗೆ, ವಾದ್ಯದವರಿಗೆ ಮತ್ತು ತಿಂಗಳುಗಟ್ಟಲೆ ಪದ್ಯ ಕಲಿಸುವ ಹಾರ್ಮೋನಿಯಂ ಮೇಷ್ಟ್ರಿಗೆ.

ಈ ವೃತ್ತಿಗೆ ಇಳಿಯುವ ಹುಡುಗ, ಹುಡುಗಿಯರು ಅಭಿನಯದ ಜೊತೆ ಹಾರ್ಮೋನಿಯಮ್ಮನ್ನೂ ಕಲಿತಿಟ್ಟುಕೊಳ್ಳುವುದು ಜಾಣತನ. ಕಂಠ ಕೈಕೊಟ್ಟ ವರ್ಷಗಳಲ್ಲೂ ಕಲಿಸುವ ಕೆಲಸ ಇದ್ದೇ ಇರುತ್ತದೆ.