ತಲೆಗೆ ಸುರಿಯುವ ಬಿಸಿನೀರು

ದಿನವೆಲ್ಲ ತೋಟದಲ್ಲಿ ದುಡಿದು ಬಂದವನಿಗೆ ಒಂದು ಹಂಡೆ ಬಿಸಿನೀರಿಗಿಂತ ಹೆಚ್ಚಿನ ಸುಖ ಯಾವುದಿದೆ? ನೊಣವಿನಕೆರೆ ಸುತ್ತಿನ ನಮಗೆ ಉರುವಲಿನ ಕೊರತೆಯೂ ಇಲ್ಲ. ಕಾಯಿ ಸುಲಿದ ಮಟ್ಟೆ, ಒಣಗಿದ ಗರಿ ಎಲ್ಲವೂ ಹಂಡೆಯ ಒಲೆಗೇ ಹೋಗುತ್ತವೆ. (ಚಿಪ್ಪಿಗೆ ಬೆಲೆ ಬಂದ ಮೇಲೆ ಮನೆಯವರು ಅದನ್ನು ಒಲೆಗೆ ಕೊಡಲು ಹಿಂದೆಮುಂದೆ ನೋಡುತ್ತಾರೆ, ಆ ಮಾತು ಬೇರೆ.) ಹಬ್ಬದ ದಿನ ಎಣ್ಣೆ ಹಚ್ಚಿ ಕೂರಿಸಿ, ಹಬೆಯಾಡುವ ನೀರನ್ನು ಚೊಂಬಿನ ಮೇಲೆ ಚೊಂಬು ತಲೆಗೆ ಸುರಿಯುವುದು ಹಿರಿಯರಿಂದ ಬಂದ ಪದ್ಧತಿ. ಇದರ ಬಗ್ಗೆಯೇ ಸದಸ್ಯ ಬಾಂಧವರಲ್ಲಿ ಎರಡು ಮಾತು ಹೇಳಬೇಕಾಗಿದೆ.

ಬಿಸಿನೀರು ಬಿದ್ದೊಡನೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ರಕ್ತ ಹೊರಮೈಗೆ ಹರಿದು ಅಲ್ಲಿಯ ಕಾವನ್ನು ಒಳಕ್ಕೆ ಒಯ್ಯುತ್ತದೆ; ಬಿಗಿದ ಸ್ನಾಯುಗಳು ಸಡಿಲಗೊಳ್ಳುತ್ತವೆ, ಎದೆಬಡಿತ ಏರುತ್ತದೆ, ರಕ್ತದ ಒತ್ತಡ ಇಳಿಯುತ್ತದೆ. ಮಣೆಯಿಂದ ದಿಢೀರನೆ ಎದ್ದ ವಯಸ್ಸಾದವರಿಗೆ ಕಣ್ಣು ಕತ್ತಲಿಡುವುದು ಇದರಿಂದಲೇ. ಸ್ನಾನವಾದ ಮೇಲೆ ಅದೇ ಹಿಗ್ಗಿದ ನಾಳಗಳ ಮೂಲಕ ಒಳಗಿನ ಶಾಖ ಹೊರಹೋಗುತ್ತದೆ. ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಮಿಂದವರಿಗೆ ಬೇಗ ನಿದ್ದೆ ಹತ್ತುವುದು ಹೀಗೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಮಾತ್ರ ನೀರಿನ ಕಾವನ್ನು ಕಾಲಿನಿಂದ ನೋಡಬಾರದು, ಸುಟ್ಟರೂ ತಿಳಿಯದು.

ಇದು ಮೈಯ ಮಾತಾಯಿತು. ತಲೆಯದು ಬೇರೆ. ತಲೆಗೆ ಒಂದೇ ಸಮನೆ ಬಿಸಿನೀರು ಸುರಿದುಕೊಳ್ಳುವಾಗ ಕೆಲವರಿಗೆ ಮೂರ್ಛೆ ಬರುತ್ತದೆ. ಬೇರೆ ದೇಶಗಳಲ್ಲಿ ಅಪರೂಪವಾದ ಈ ಕಾಯಿಲೆ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂಥ 279 ರೋಗಿಗಳ ವಿವರ ಪ್ರಕಟಿಸಿದರು. ಸಾಮಾನ್ಯವಾಗಿ ನೀರಿನ ಕಾವು 40ರಿಂದ 50 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು, ಮಕ್ಕಳಿಗೂ ಬರುತ್ತದೆ. ಎವೆಯಿಕ್ಕದ ನೋಟ, ತಲೆಬುಡವಿಲ್ಲದ ಮಾತು ಮೊದಲಾಗಿ, ಕೆಲವರು ಬಿದ್ದು ಕೈಕಾಲು ಸೆಟೆಯುತ್ತಾರೆ. ಇನ್ನು ಕೆಲವರಿಗೆ ಆ ಗಳಿಗೆಯಲ್ಲಿ ಏನೋ ಸುಖವೆನಿಸಿ, ಬೇಡವೆಂದರೂ ಮತ್ತೆ ಮತ್ತೆ ಸುರಿದುಕೊಳ್ಳುವುದುಂಟು.

ನಾನು ಚಿಕ್ಕವನಿದ್ದಾಗ ನೆರೆಮನೆಯ ಹುಡುಗನಿಗೆ ಹಬ್ಬದ ದಿನವೇ ಹೀಗಾಗುತ್ತಿತ್ತು. ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಿದರು. ಹಂಡೆಯ ನೀರಿನ ಮೇಲೆ ಯಾರಿಗೂ ಸಂಶಯ ಬರಲಿಲ್ಲ.

ಹೀಗೆ ಆಗುವವರು ತಲೆಗೆ ಉಗುರುಬೆಚ್ಚಗಿನ ನೀರನ್ನೇ, ಅದನ್ನೂ ನಿಧಾನವಾಗಿ ಹಾಕಿಕೊಳ್ಳತಕ್ಕದ್ದು. ಒದ್ದೆ ಬಟ್ಟೆಯಿಂದ ಒರೆಸಿಕೊಂಡರೂ ಆದೀತು. ಬಚ್ಚಲಿನ ಚಿಲಕ ಹಾಕಬಾರದು, ಒಲೆಯ ಮಗ್ಗುಲಲ್ಲಿ ಕೂರಬಾರದು. ಮೂರ್ಛೆ ಬಂದರೆ ನೀರು ನಿಲ್ಲಿಸಿ, ಮಗ್ಗುಲಾಗಿ ಮಲಗಿಸಿ. ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಏನಾದರೂ ತುರುಕುವುದು ಕೂಡದು. ಕೆಲವರಿಗೆ ಮುಂದೆ ಸ್ನಾನವಿಲ್ಲದೆಯೂ ಮೂರ್ಛೆ ಬರತೊಡಗುವುದರಿಂದ ಒಮ್ಮೆ ಬಂದರೂ ನರರೋಗ ವೈದ್ಯರಿಗೆ ತೋರಿಸಬೇಕು. ತಲೆಗೆ ನೀರು ಹಾಕಿಕೊಳ್ಳುವ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ನುಂಗುವ ಮಾತ್ರೆಯನ್ನು ಅವರು ಬರೆದುಕೊಡುವುದುಂಟು.