ಶರ್ಯತ್ತಿಗೆ ಇಳಿಯುವ ಮುನ್ನ ವಿಮೆಯ ಷರತ್ತು ಓದಿ



ಬೆಳೆ ವಿಮೆಯ ವಿಷಯ ಈಗ ನಿಮಗೆ ಹೊಸದಲ್ಲ. ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಧಾನ್ಯ, ಎಣ್ಣೆಕಾಳುಗಳಿಗೆ ವಿಮಾ ಮೊತ್ತದ ನೂರಕ್ಕೆ 2 ರೂಪಾಯಿ, ಹಿಂಗಾರಿಗೆ ನೂರಕ್ಕೆ ಒಂದೂವರೆ ರೂಪಾಯಿ ರೈತನ ಪಾಲಿನ ಕಂತು ಎಂಬುದು ನಿಮ್ಮಲ್ಲಿ ಅನೇಕರಿಗೆ ಬಾಯಿಪಾಠವಾಗಿದೆ. ಎತ್ತು ಎಮ್ಮೆಗಳ ಕಿವಿಗೆ ಬಿಲ್ಲೆ ಹಾಕಿಸಿ ವಿಮೆ ಮಾಡಿಸಿದವರೂ ಇದ್ದೀರಿ. ಆದರೆ ಆ ಎತ್ತುಗಳನ್ನು ಹೂಡಿಕೊಂಡು ಜಾತ್ರೆಯ ಶರ್ಯತ್ತಿನಲ್ಲಿ ಚಕ್ಕಡಿ ಓಡಿಸುವ ನಿಮ್ಮ ಮಗನಿಗೆ ವಿಮೆ ಇದೆಯೇ? ಇದ್ದರೂ, ಶರ್ಯತ್ತಿನಲ್ಲಿ ಹೆಚ್ಚುಕಡಿಮೆಯಾದರೆ ಅದು ಕೈ ಹಿಡಿಯುತ್ತದೆಯೇ? ಈ ಎರಡನೆಯ ಪ್ರಶ್ನೆಯನ್ನು ಕೇಳಿಕೊಂಡವರು ಬಹಳ ಕಡಿಮೆ. ಆದ್ದರಿಂದ ಈ ವಾರ ಬೀಜ ಗೊಬ್ಬರದ ಮಾತು ಬಿಟ್ಟು ಈ ವಿಷಯ ಎತ್ತಿಕೊಂಡಿದ್ದೇನೆ.

ಟ್ರಂಕಿನೊಳಗಿನ ಬಾಂಡು

ಕೆಲವು ವರ್ಷಗಳ ಹಿಂದೆ ಒಂದು ದಿನ ಮಧ್ಯಾಹ್ನ ನಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಒಬ್ಬ ಹೆಣ್ಣುಮಗಳು ಅತ್ತೆಯ ಜೊತೆ ಬಂದಳು. ಕೈಯಲ್ಲಿ ಸಣ್ಣದೊಂದು ತಗಡಿನ ಟ್ರಂಕು. ಆಕೆಯ ಗಂಡ ನಮ್ಮ ಹೋಬಳಿಯಲ್ಲಿ ಒಳ್ಳೆಯ ಕಡಲೆ ಬೆಳೆಗಾರ. ಊರ ಜಾತ್ರೆಯ ಚಕ್ಕಡಿ ಶರ್ಯತ್ತಿನಲ್ಲಿ ಗಾಡಿ ಮಗುಚಿ ತೀರಿಕೊಂಡಿದ್ದ. "ಸಾಹೇಬ್ರ, ಇದರಾಗ ಏನ್ ಬರದಾರ ಸ್ವಲ್ಪ ಓದಿ ಹೇಳ್ರಿ" ಎಂದು ಆಕೆ ಒಂದು ಪಾಲಿಸಿ ಬಾಂಡು ಮತ್ತು ವಿಮಾ ಸಂಸ್ಥೆಯಿಂದ ಬಂದ ಪತ್ರವನ್ನು ಮುಂದಿಟ್ಟಳು.

ಪಾಲಿಸಿ 3 ಲಕ್ಷದ್ದು. ಅದಕ್ಕೆ ಅಷ್ಟೇ ಮೊತ್ತದ ಅಪಘಾತ ಲಾಭವೂ ಸೇರಿತ್ತು. "ನನಗೇನಾದರೂ ಆದರ ಡಬಲ್ ಬರತೈತಿ" ಎಂದು ಆತ ಮನೆಯಲ್ಲಿ ಹೇಳಿದ್ದನಂತೆ. ಆ ಮಾತಿನ ಮೇಲೆ ಸೊಸೈಟಿಯ ಸಾಲ, ಟ್ರ್ಯಾಕ್ಟರಿನ ಸಾಲ ಎರಡೂ ತೀರುತ್ತವೆ ಎಂದು ಮನೆಯವರು ಲೆಕ್ಕ ಹಾಕಿದ್ದರು. ಬಂದದ್ದು ಮೂಲ ಮೊತ್ತ ಮಾತ್ರ. ಅಪಘಾತ ಲಾಭ ಕೊಡಲಾಗದು ಎಂದು ಪತ್ರದಲ್ಲಿತ್ತು. ಕಾರಣವನ್ನು ಬಾಂಡಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಹುಡುಕಿದೆ. "ಯಾವುದೇ ಬಗೆಯ ಓಟದ ಪಂದ್ಯದಲ್ಲಿ" ಆದ ಸಾವಿಗೆ ಅಪಘಾತ ಲಾಭವಿಲ್ಲ ಎಂಬುದು ಅದರ ತಾತ್ಪರ್ಯ.

ಆ ಸಾಲನ್ನು ಆತ ಓದಿರಲಿಲ್ಲ. ಏಜೆಂಟರು ಓದಿ ಹೇಳಿರಲಿಲ್ಲ. ಆ ಹೆಣ್ಣುಮಗಳಿಗೆ ನಾನು ಓದಿ ಹೇಳಬೇಕಾಯಿತು. ಆಗ ಓದಿ ಏನು ಪ್ರಯೋಜನ? ಆ ಸಾಲನ್ನು ನೀವು ಈಗಲೇ ಓದಬೇಕು ಎಂಬುದೇ ಈ ಲೇಖನದ ಉದ್ದೇಶ.

ಯಾವ ಆಟಗಳಲ್ಲಿ ಅಪಾಯ?

ಅಪಾಯದ ಆಟ ಎಂದೊಡನೆ ಬೆಟ್ಟ ಹತ್ತುವುದು, ವಿಮಾನದಿಂದ ಜಿಗಿಯುವುದು, ಮೋಟಾರು ಪಂದ್ಯ ಇವೇ ನೆನಪಿಗೆ ಬರುತ್ತವೆ. ಅವು ಪಟ್ಟಣದವರ ಆಟ, ನಮಗೇಕೆ ಎನ್ನಬೇಡಿ. ನಮ್ಮ ಊರುಗಳ ಆಟಗಳನ್ನೇ ಒಮ್ಮೆ ನೋಡಿ.

ಕರಾವಳಿಯ ಕಂಬಳದಲ್ಲಿ ಕೋಣಗಳ ಹಿಂದೆ ಕೆಸರಿನಲ್ಲಿ ಮನುಷ್ಯ ಓಡುತ್ತಾನೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಮುಟ್ಟಿ ದೇಶದಲ್ಲೆಲ್ಲ ಹೆಸರಾದರು. ಆ ವೇಗದಲ್ಲಿ ಕಾಲು ಜಾರಿದರೆ ಏನಾದೀತು ಎಂದು ಊಹಿಸಿಕೊಳ್ಳಿ. ಹಾವೇರಿ, ಶಿವಮೊಗ್ಗ ಕಡೆ ದೀಪಾವಳಿಯ ನಂತರ ಹೋರಿ ಹಬ್ಬ ನಡೆಯುತ್ತದೆ. ಕೊಬ್ಬರಿ ಸರ ಕಟ್ಟಿಕೊಂಡು ನುಗ್ಗುವ ಹೋರಿಯ ಮೈಮೇಲೆ ಹುಡುಗರು ಬೀಳುತ್ತಾರೆ. ಇಲ್ಲಿ ಆಡಿದವರಷ್ಟೇ ಅಲ್ಲ, ಬೀದಿಯಲ್ಲಿ ನಿಂತು ನೋಡಿದವರೂ ಪ್ರಾಣ ಕಳೆದುಕೊಂಡಿದ್ದಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಚಕ್ಕಡಿ ಶರ್ಯತ್ತು, ತೆರೆಬಂಡಿ. ಇನ್ನು ಕುಸ್ತಿ, ಕಬಡ್ಡಿ ಎಲ್ಲ ಕಡೆಯೂ ಇವೆ. ಕತ್ತಿಗೆ, ತಲೆಗೆ ಪೆಟ್ಟು ಬೀಳುವ ಭಯ ಅವುಗಳಲ್ಲೂ ಇದೆ.

ಈ ಆಟಗಳನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ದನಕರುಗಳನ್ನು ಮಕ್ಕಳಂತೆ ಸಾಕಿ, ವರ್ಷಕ್ಕೊಮ್ಮೆ ಊರ ಮುಂದೆ ನಿಲ್ಲಿಸುವ ಹೆಮ್ಮೆ ಎಂಥದೆಂದು ರೈತನ ಮಗನಾದ ನನಗೂ ಗೊತ್ತು. ಕಂಬಳ, ಹೋರಿಗಳ ಓಟ, ಎತ್ತಿನ ಗಾಡಿ ಓಟಗಳನ್ನು ಷರತ್ತುಗಳ ಮೇಲೆ ನಡೆಸಲು ಕರ್ನಾಟಕ 2017ರಲ್ಲಿ ಕಾಯಿದೆಗೆ ತಿದ್ದುಪಡಿ ತಂದಿತು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಮೇ 18ರಂದು ಅದನ್ನು ಎತ್ತಿಹಿಡಿಯಿತು. ಆಟ ಉಳಿಯಿತು, ಸಂತೋಷ. ಆಡುವವನ ಮನೆಯೂ ಉಳಿಯಬೇಕಲ್ಲವೇ?

ಜೀವ ವಿಮೆ ಬೇರೆ, ಅಪಘಾತ ಲಾಭ ಬೇರೆ

ಮುಖ್ಯವಾದ ಮಾತು ಇದು. ನಿಮ್ಮ ಪಾಲಿಸಿಯಲ್ಲಿ ಎರಡು ಭಾಗಗಳಿರಬಹುದು.

ಮೊದಲನೆಯದು ಮೂಲ ಜೀವ ವಿಮೆ. ಸಾವು ಜ್ವರದಿಂದ ಬಂದರೂ, ಹಾವು ಕಚ್ಚಿ ಬಂದರೂ, ಗಾಡಿ ಮಗುಚಿ ಬಂದರೂ ಸಾಮಾನ್ಯವಾಗಿ ಇದು ದೊರೆಯುತ್ತದೆ. ಪಾಲಿಸಿ ಚಾಲ್ತಿಯಲ್ಲಿರಬೇಕು ಮತ್ತು ಅರ್ಜಿಯಲ್ಲಿ ಸುಳ್ಳು ಹೇಳಿರಬಾರದು, ಅಷ್ಟೇ.

ಎರಡನೆಯದು ಅಪಘಾತ ಲಾಭ. ಸ್ವಲ್ಪ ಹೆಚ್ಚಿನ ಕಂತು ಕಟ್ಟಿ ಸೇರಿಸಿಕೊಳ್ಳುವಂಥದು. ಜನ "ಡಬಲ್" ಎನ್ನುವುದು ಇದನ್ನೇ. ಇದಕ್ಕೆ ಹೊರಗಿಟ್ಟ ಸಂದರ್ಭಗಳ ಒಂದು ಪಟ್ಟಿ ಇರುತ್ತದೆ. ಅನೇಕ ಪಾಲಿಸಿಗಳ ಪಟ್ಟಿಯಲ್ಲಿ ಬೇಟೆ, ಪರ್ವತಾರೋಹಣ, ಯಾವುದೇ ಬಗೆಯ ಓಟದ ಪಂದ್ಯ, ಸಾಹಸ ಕ್ರೀಡೆ, ಕುಡಿದ ಅಮಲಿನಲ್ಲಿ ಆದ ಅಪಘಾತ ಇವೆಲ್ಲ ಇರುತ್ತವೆ. "ಯಾವುದೇ ಬಗೆಯ ಓಟ" ಎಂದ ಮೇಲೆ ಕುದುರೆ ಓಟ ಮಾತ್ರವಲ್ಲ, ಚಕ್ಕಡಿ ಓಟವನ್ನೂ ಕಂಬಳವನ್ನೂ ಅದರಡಿ ತರಲು ದಾರಿಯಾಗುತ್ತದೆ.

ಹೊಲದ ಭಾಷೆಯಲ್ಲಿ ಹೇಳುವುದಾದರೆ, ಬೇಲಿ ಹಾಕಿದ್ದೀರಿ, ಆದರೆ ಹಂದಿ ಬರುವ ಮೂಲೆಯಲ್ಲೇ ಬೇಲಿ ಬಿಟ್ಟುಹೋಗಿದೆ. ಆದ್ದರಿಂದ ಶರ್ಯತ್ತಿಗೆ ಇಳಿಯುವವರು "ಡಬಲ್" ಮೊತ್ತವನ್ನು ಲೆಕ್ಕಕ್ಕೆ ಹಿಡಿಯಬಾರದು. ಮನೆಗೆ 6 ಲಕ್ಷ ಬೇಕೆನಿಸಿದರೆ ಮೂಲ ಪಾಲಿಸಿಯನ್ನೇ 6 ಲಕ್ಷಕ್ಕೆ ಮಾಡಿಸಿ. ಕೇವಲ ಸಾವಿಗೆ ಹಣ ಕೊಡುವ, ಅವಧಿ ಮುಗಿದಾಗ ಏನೂ ವಾಪಸು ಬಾರದ ಅವಧಿ ವಿಮೆಯಾದರೆ ಕಂತು ಬಹಳ ಕಡಿಮೆ ಬೀಳುತ್ತದೆ.

ಅರ್ಜಿಯಲ್ಲಿ ನಿಜ ಬರೆಸಿ

ಪಾಲಿಸಿಯ ಅರ್ಜಿಯಲ್ಲಿ ಉದ್ಯೋಗ, ಆರೋಗ್ಯಗಳ ಜೊತೆಗೆ ಅಪಾಯದ ಹವ್ಯಾಸ, ಕ್ರೀಡೆಗಳಿವೆಯೇ ಎಂದು ಕೇಳಿರುತ್ತಾರೆ. ಏಜೆಂಟರು ಅವಸರದಲ್ಲಿ "ಇಲ್ಲ" ಎಂದು ಗೀಟು ಎಳೆದು ಸಹಿ ಹಾಕಿಸಿಕೊಳ್ಳುವುದುಂಟು. ಸಹಿ ನಿಮ್ಮದು, ಆದ್ದರಿಂದ ಆ ಮಾತೂ ನಿಮ್ಮದೇ ಆಗುತ್ತದೆ.

ನಿಜ ಹೇಳಿದರೆ ಸಂಸ್ಥೆ ಮಾಮೂಲಿ ಕಂತಿಗೇ ಒಪ್ಪಬಹುದು. ಸಾವಿರಕ್ಕೆ ಇಷ್ಟು ಎಂದು ಹೆಚ್ಚಿನ ಕಂತು ಹಾಕಬಹುದು. ಅಪಘಾತ ಲಾಭ ಬಿಟ್ಟು ಉಳಿದದ್ದಕ್ಕೆ ಒಪ್ಪಬಹುದು. ಅಥವಾ ಅರ್ಜಿಯನ್ನೇ ತಿರಸ್ಕರಿಸಬಹುದು. ಸಾವಿರಕ್ಕೆ 2 ರೂಪಾಯಿ ಹೆಚ್ಚು ಎಂದಿಟ್ಟುಕೊಂಡರೆ, 5 ಲಕ್ಷದ ಪಾಲಿಸಿಗೆ ವರ್ಷಕ್ಕೆ 1,000 ರೂಪಾಯಿ ಹೆಚ್ಚಾಗುತ್ತದೆ. ಹೋರಿಗೆ ಹತ್ತಿಕಾಳು, ಹಿಂಡಿ, ಝೂಲು, ಬಲೂನು ಎಂದು ಮಾಡುವ ಖರ್ಚಿನ ಮುಂದೆ ಇದು ದೊಡ್ಡದಲ್ಲ.

ಮುಚ್ಚಿಟ್ಟರೆ? ವಿಮಾ ಕಾಯಿದೆಯ 45ನೇ ಕಲಮಿನ ಪ್ರಕಾರ ಪಾಲಿಸಿಯ ಮೊದಲ 3 ವರ್ಷಗಳಲ್ಲಿ, ಮುಖ್ಯ ಸಂಗತಿ ಮುಚ್ಚಿಟ್ಟ ಕಾರಣಕ್ಕೆ ಸಂಸ್ಥೆ ಪಾಲಿಸಿಯನ್ನೇ ಪ್ರಶ್ನಿಸಬಹುದು. ಮೋಸವಿಲ್ಲದೆ ತಪ್ಪು ಮಾಹಿತಿಯಷ್ಟೇ ಆಗಿದ್ದರೆ ಕಟ್ಟಿದ ಕಂತು ಹಿಂದಕ್ಕೆ ಬರುತ್ತದೆ, ವಿಮೆಯ ಹಣ ಬರುವುದಿಲ್ಲ. 3 ವರ್ಷ ದಾಟಿದ ಮೇಲೆ ಯಾವ ಕಾರಣಕ್ಕೂ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. ಆದರೆ ಇಲ್ಲಿ ಎಚ್ಚರ ಬೇಕು. 3 ವರ್ಷ ದಾಟಿತೆಂದು ಅಪಘಾತ ಲಾಭದ ಹೊರಗಿಟ್ಟ ಪಟ್ಟಿ ಅಳಿಸಿಹೋಗುವುದಿಲ್ಲ. ಅದು ಪಾಲಿಸಿ ಇರುವವರೆಗೂ ಇರುತ್ತದೆ.

ಬಾಂಡು ಕೈಸೇರಿದ ಮೇಲೆ 30 ದಿನಗಳ ಪರಿಶೀಲನಾ ಅವಧಿ ಇದೆ. ಷರತ್ತು ಒಪ್ಪಿಗೆಯಾಗದಿದ್ದರೆ ಅಷ್ಟರೊಳಗೆ ಪಾಲಿಸಿ ಹಿಂದಿರುಗಿಸಿ, ಅಲ್ಪ ಖರ್ಚು ಕಳೆದು ಉಳಿದ ಹಣ ಪಡೆಯಬಹುದು. ಓದಲು ಬಾರದಿದ್ದರೆ ಊರ ಮೇಷ್ಟರ ಹತ್ತಿರವೋ, ಕಾಲೇಜಿಗೆ ಹೋಗುವ ಮಗಳ ಹತ್ತಿರವೋ ಓದಿಸಿಕೊಳ್ಳಿ. ಬಾಂಡನ್ನು ಹಾಗೆಯೇ ಟ್ರಂಕಿಗೆ ಹಾಕಬೇಡಿ.

ಬ್ಯಾಂಕಿನ ಎರಡು ಯೋಜನೆಗಳು

ದೊಡ್ಡ ಪಾಲಿಸಿ ಸಾಧ್ಯವಿಲ್ಲದವರು ಕೂಡ ಇವೆರಡನ್ನು ಬಿಡಬಾರದು. ಎರಡೂ 2015ರ ಮೇ ತಿಂಗಳಲ್ಲಿ ಬಂದವು. ಉಳಿತಾಯ ಖಾತೆ ಇದ್ದರೆ ಸಾಕು.

ಜೀವನ ಜ್ಯೋತಿ ಬಿಮಾ ಯೋಜನೆ: 18ರಿಂದ 50 ವರ್ಷದವರು ಸೇರಬಹುದು. ಬಿಡದೆ ಕಟ್ಟುತ್ತಾ ಹೋದರೆ 55 ವರ್ಷದವರೆಗೆ ರಕ್ಷಣೆ. ವರ್ಷಕ್ಕೆ 436 ರೂಪಾಯಿ, ವಿಮೆ 2 ಲಕ್ಷ. ಯಾವ ಕಾರಣದಿಂದ ಸಾವು ಬಂದರೂ ಅನ್ವಯ. ಹೊಸದಾಗಿ ಸೇರಿದವರಿಗೆ ಮೊದಲ 30 ದಿನ ಮಾತ್ರ ಅಪಘಾತದ ಸಾವಲ್ಲದೆ ಬೇರೆ ಸಾವಿಗೆ ಹಣವಿಲ್ಲ. ಶರ್ಯತ್ತಿಗೆ ಇಳಿಯುವವರು ಮೊದಲು ಮಾಡಿಸಬೇಕಾದದ್ದು ಇದನ್ನು.

ಸುರಕ್ಷಾ ಬಿಮಾ ಯೋಜನೆ: 18ರಿಂದ 70 ವರ್ಷದವರಿಗೆ. ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸತ್ತರೆ, ಇಲ್ಲವೇ ಎರಡೂ ಕಣ್ಣು ಅಥವಾ ಎರಡೂ ಕೈಕಾಲು ಪೂರ್ಣ ಹೋದರೆ 2 ಲಕ್ಷ. ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಹೋದರೆ 1 ಲಕ್ಷ. ಇದು ಅಪಘಾತಕ್ಕೆ ಮಾತ್ರ.

ಎರಡಕ್ಕೂ ವರ್ಷ ಜೂನ್ 1ರಿಂದ ಮೇ 31ರವರೆಗೆ. ಮೇ ಕೊನೆಯಲ್ಲಿ ಖಾತೆಯಿಂದ ಹಣ ತಾನಾಗಿ ಕಡಿತವಾಗುತ್ತದೆ. ಆ ವೇಳೆಗೆ ಬೀಜ ಗೊಬ್ಬರಕ್ಕೆಂದು ಖಾತೆ ಬರಿದು ಮಾಡಿ, 456 ರೂಪಾಯಿ ಉಳಿಯದೆ ವಿಮೆ ತಪ್ಪಿಹೋದವರನ್ನು ನಾನೇ ಕಂಡಿದ್ದೇನೆ. ಪಾಸ್‌ಬುಕ್ಕಿನಲ್ಲಿ ಕಡಿತವಾಗಿದೆಯೇ ಎಂದು ಜೂನ್ ಮೊದಲ ವಾರ ನೋಡಿಸಿ. ಎರಡು ಬ್ಯಾಂಕುಗಳಲ್ಲಿ ಖಾತೆ ಇದ್ದರೂ ಒಂದರಲ್ಲಿ ಮಾತ್ರ ಸೇರತಕ್ಕದ್ದು.

ಇವು ಯಾವುವೂ ಆಸ್ಪತ್ರೆಯ ಖರ್ಚು ಕೊಡುವಂಥವಲ್ಲ ಎಂಬುದೂ ನೆನಪಿರಲಿ.

ನಾಮಿನಿಯ ಹೆಸರು

ಆ ಟ್ರಂಕಿನ ಬಾಂಡಿನಲ್ಲಿ ಇನ್ನೊಂದು ತೊಡಕಿತ್ತು. ನಾಮಿನಿಯ ಜಾಗದಲ್ಲಿ ಮದುವೆಗೆ ಮೊದಲು ಬರೆಸಿದ ತಾಯಿಯ ಹೆಸರೇ ಇತ್ತು. ಹಣ ತಾಯಿಯ ಖಾತೆಗೆ ಬಂತು. ಆಕೆ ದೊಡ್ಡ ಮನಸ್ಸಿನ ತಾಯಿ. ಒಂದು ಪೈಸೆ ಇಟ್ಟುಕೊಳ್ಳದೆ ಸೊಸೆ, ಮೊಮ್ಮಕ್ಕಳ ಹೆಸರಿಗೆ ಮಾಡಿದರು. ಎಲ್ಲ ಮನೆಗಳಲ್ಲೂ ಹೀಗಾಗುವುದಿಲ್ಲ. ಆಮೇಲೆ ಪಾಲಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಮದುವೆಯಾದ ಮೇಲೆ, ಮಗು ಹುಟ್ಟಿದ ಮೇಲೆ, ನಾಮಿನಿ ತೀರಿಕೊಂಡ ಮೇಲೆ ಹೆಸರು ಬದಲಿಸಲು ಮರೆಯಬೇಡಿ.

ಅನಾಹುತ ನಡೆದಾಗ

ಇದನ್ನು ಬರೆಯಲು ಮನಸ್ಸಿಗೆ ಕಷ್ಟ, ಆದರೂ ಬರೆಯಬೇಕು. ಜಾತ್ರೆಯಲ್ಲಿ ಸಾವಾದರೆ ಊರ ಹಿರಿಯರು "ಪೊಲೀಸ್ ಕೇಸು ಬೇಡ, ಜಾತ್ರೆಗೆ ಕೆಟ್ಟ ಹೆಸರು ಬರುತ್ತದೆ" ಎನ್ನುತ್ತಾರೆ. ದೇಹ ಕೊಯ್ಯಿಸುವುದು ಬೇಡವೆಂದು ಮನೆಯವರೂ ಅಳುತ್ತಾರೆ. ಹಾಗೆಯೇ ಮಣ್ಣು ಮಾಡಿದರೆ ಅಪಘಾತ ವಿಮೆಯ ದಾರಿ ಅಲ್ಲಿಗೇ ಮುಚ್ಚಿತು. ಪೊಲೀಸ್ ದೂರಿನ ಪ್ರತಿ, ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಮರಣ ಪತ್ರ ಇವಿಲ್ಲದೆ ಅಪಘಾತದ ಹಣ ಬಾರದು. "ಮನೆಯಲ್ಲಿ ಮೆಟ್ಟಿಲಿಂದ ಬಿದ್ದ" ಎಂದು ಸುಳ್ಳು ಬರೆಸುವುದೂ ಬೇಡ. ಸುಳ್ಳು ಹೊರಬಿದ್ದರೆ ಬರುವ ಮೂಲ ಹಣಕ್ಕೂ ಕುತ್ತು. ಬ್ಯಾಂಕಿನ ಯೋಜನೆಗಳ ಅರ್ಜಿಯನ್ನು ಸಾಧ್ಯವಾದಷ್ಟೂ 30 ದಿನಗಳೊಳಗೆ ಕೊಡಿ.

ಸಂಸ್ಥೆ ನಿರಾಕರಿಸಿದರೆ ಮೊದಲು ಅದರ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ಕೊಡದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಜಾತ್ರಾ ಕಮಿಟಿಯವರಿಗೆ ಒಂದು ಮಾತು

ಬಹುಮಾನಕ್ಕೆ ಬೈಕು, ಬಂಗಾರ ಇಡುತ್ತೀರಿ. ಪೆಂಡಾಲು, ಧ್ವನಿವರ್ಧಕಕ್ಕೆ ವಂತಿಗೆ ಎತ್ತುತ್ತೀರಿ. ಅದರಲ್ಲೇ ಒಂದು ಪಾಲು ತೆಗೆದು, ಹೆಸರು ನೋಂದಾಯಿಸಿದ ಆಟಗಾರರಿಗೆಲ್ಲ ಸಾಮಾನ್ಯ ವಿಮಾ ಸಂಸ್ಥೆಯೊಂದರಿಂದ ಸಮೂಹ ಅಪಘಾತ ವಿಮೆ ಮಾಡಿಸಿ. ಮಾಡಿಸುವಾಗ ಆಟದ ಹೆಸರನ್ನೇ ಹೇಳಿ, "ಈ ಆಟದಲ್ಲಿ ಆದ ಅಪಘಾತಕ್ಕೂ ಅನ್ವಯ" ಎಂದು ಪಾಲಿಸಿಯಲ್ಲಿ ಬರೆಸಿಕೊಳ್ಳಿ. ಆಟಕ್ಕೆ ಮೊದಲೇ ಅನುಮತಿ ಪಡೆಯಿರಿ. ಕುಡಿದು ಬಂದವನನ್ನು ಕಣಕ್ಕೆ ಬಿಡಬೇಡಿ. ನೋಡುವವರಿಗೆ ಗಟ್ಟಿ ಬೇಲಿ ಹಾಕಿಸಿ, ಆಂಬುಲೆನ್ಸ್ ನಿಲ್ಲಿಸಿ. ವಿಮೆ ಹಣವನ್ನು ತರಬಲ್ಲದು, ಮಗನನ್ನು ತರಲಾರದು.

ಇಷ್ಟನ್ನು ನೆನಪಿಡಿ

1. ಮೂಲ ವಿಮೆಯ ಮೊತ್ತವನ್ನೇ ನಂಬಿ, "ಡಬಲ್" ಮೊತ್ತವನ್ನಲ್ಲ.
2. ಅರ್ಜಿಯಲ್ಲಿ ಆಟದ ಹೆಸರನ್ನು ಬರೆಸಿ, ಅರ್ಜಿಯ ಒಂದು ಪ್ರತಿ ಇಟ್ಟುಕೊಳ್ಳಿ.
3. ಬಾಂಡು ಬಂದ 30 ದಿನಗಳೊಳಗೆ ಹೊರಗಿಟ್ಟ ಪಟ್ಟಿಯನ್ನು ಓದಿಸಿಕೊಳ್ಳಿ.
4. ಮೇ ಕೊನೆಗೆ ಖಾತೆಯಲ್ಲಿ 456 ರೂಪಾಯಿ ಇರಲಿ.
5. ನಾಮಿನಿಯ ಹೆಸರು ಸರಿ ಇದೆಯೇ ನೋಡಿ.
6. ಪಾಲಿಸಿ ಎಲ್ಲಿದೆ, ಎಷ್ಟರದ್ದು ಎಂದು ಹೆಂಡತಿಗೆ ತಿಳಿಸಿಡಿ.

ಇಂದು ಸಂಜೆ ಮನೆಗೆ ಹೋದೊಡನೆ ನಿಮ್ಮ ಟ್ರಂಕು ತೆರೆಯಿರಿ. ಬಾಂಡಿನ ಹಿಂಬದಿಯನ್ನು ದೀಪದ ಬೆಳಕಿಗೆ ಹಿಡಿದು ಓದಿ. ಅರ್ಥವಾಗದಿದ್ದರೆ ಅದನ್ನು ತೆಗೆದುಕೊಂಡು ಬ್ಯಾಂಕಿಗೆ ಹೋಗಿ, ಇಲ್ಲವೇ ನಿಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ. ಆ ಹೆಣ್ಣುಮಗಳು ಬಂದಂತೆ ಆಮೇಲೆ ಬರುವುದು ಬೇಡ, ಜಾತ್ರೆಗೆ ಮೊದಲೇ ಬನ್ನಿ.